ನಲವತ್ತೊಂದು ಸೆಕೆಂಡು

ಪರದೆಯ ಮೇಲೆ ಒಂದು ಸಾಲು ಬಂದಿತ್ತು.

ಬರಬಾರದಿತ್ತು. ನೆವೆನಾ ತಿಂಡಿಗೆ ತಂದ ಬನಿತ್ಸಾ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೆಯೇ ಹಿಡಿದು ಕೂತಳು. ಚೀಸಿನ ಚೂರೊಂದು ಕೀಲಿಮಣೆಯ ಮೇಲೆ ಉದುರಿತು. ಇಲ್ಲದ್ದೊಂದನ್ನು ಹುಡುಕಲು ಹೇಳಿ, ಸರ್ವರ್ ಎಷ್ಟು ಹೊತ್ತು ಹುಡುಕಿ ಸೋಲುತ್ತದೆ ಎಂದು ಅಳೆಯುವುದಷ್ಟೇ ಅವಳ ಉದ್ದೇಶ. ಹೊತ್ತೇನೋ ಅವಳು ಊಹಿಸಿದಷ್ಟೇ ಬಂದಿತ್ತು: ನಲವತ್ತೊಂದು ಸೆಕೆಂಡು. ಅದರ ಕೆಳಗೆ ಸೊನ್ನೆ ಇರಬೇಕಾದ ಜಾಗದಲ್ಲಿ ಒಂದು ಹೆಸರು ಕೂತಿತ್ತು.

"ಮುಗೀತೇನಮ್ಮಾ?" ಬಾಗಿಲಲ್ಲಿ ಸ್ಪಾಸ್ ಕಾಣಿಸಿಕೊಂಡ. ಕಚೇರಿಯ ಯಂತ್ರಗಳಿಗೆಲ್ಲ ಅವನೇ ಯಜಮಾನ. ಅಂಗಿಯ ತೋಳು ಮಡಚಿ ಬೆವರು ಒರೆಸಿಕೊಳ್ಳುತ್ತಿದ್ದ. "ಸಹಿ ಒಂದು ಹಾಕಿಬಿಡು. ನಾಳೆ ಶನಿವಾರ, ಬದಲಾವಣೆ ಮಾಡೋರು ಬರ್ತಾರೆ. ಸೋಮವಾರ ಬೆಳಗ್ಗೆ ಕೆಳಗೆ ನಿಂತಿರೋ ಜನರ ಸಾಲು ಕರಗಿ ಹೋಗಿರ್ಬೇಕು."

"ಇನ್ನೊಂದು ಅಳತೆ ಬಾಕಿ ಇದೆ, ಸ್ಪಾಸಣ್ಣ."

"ನೀನು ಮದುವೆ ಹೆಣ್ಣನ್ನೂ ಅಳೆದು ತೂಗಿ ಕಳಿಸೋಳು," ಎಂದು ನಕ್ಕು ಅವನು ಹೊರಟುಹೋದ.

ಬಲ್ಗೇರಿಯದ ಅರ್ದಾ ನದಿಯ ದಂಡೆಯ ಆ ಊರಿನಲ್ಲಿ ಜಿಲ್ಲೆಯ ಹುಟ್ಟು, ಸಾವು, ಹೆಸರುಗಳ ದಾಖಲೆಯೆಲ್ಲ ಆ ಮೂರಂತಸ್ತಿನ ಕಟ್ಟಡದಲ್ಲಿತ್ತು. ನೆವೆನಾ ಹನ್ನೆರಡು ವರ್ಷದಿಂದ ಮೇಲಿನ ಕೋಣೆಯಲ್ಲಿ ಕೂತು ಆ ದಾಖಲೆಗಳ ಸರ್ವರನ್ನು ನೋಡಿಕೊಂಡವಳು. ಆ ಬೇಸಿಗೆ ಗುರುತಿನ ಚೀಟಿಗಳನ್ನು ಹೊಸದು ಮಾಡಿಸಿಕೊಳ್ಳುವ ಜನ ಲಿಂಡನ್ ಮರಗಳವರೆಗೆ ಸಾಲು ನಿಂತಿದ್ದರು. ಹೊಸ ಯಂತ್ರ ಬರುವ ವರ್ಷದವರೆಗೆ ಇಲ್ಲ. ಹಳೆಯದರಲ್ಲೇ ಓಟ ಹೆಚ್ಚಿಸಬೇಕು.

ಸರ್ವರಿನ ಡಿಸ್ಕು ಉಗ್ರಾಣವಿದ್ದ ಹಾಗೆ; ಮೆಮೊರಿಯಲ್ಲಿರುವ ಬಫರು ಗುಮಾಸ್ತನ ಎದುರಿನ ಮೇಜು. ಕೇಳಿದ ಪುಟವನ್ನು ಉಗ್ರಾಣದಿಂದ ತಂದು ಮೇಜಿನ ಮೇಲಿಡಬೇಕು. ಮತ್ತೆ ಮತ್ತೆ ಕೇಳಿದ ಪುಟ ಅಲ್ಲೇ ಉಳಿಯುತ್ತದೆ. ಅದಕ್ಕೆ ಬಿಸಿ ಪುಟ ಎನ್ನುತ್ತಾರೆ. ಯಾರೂ ಕೇಳದ್ದು ತಣ್ಣಗಾಗಿ ಅಂಚಿಗೆ ಸರಿದು ಸರಿದು ಒಂದು ದಿನ ಕೆಳಗೆ ಬೀಳುತ್ತದೆ. ಬಿದ್ದದ್ದು ಕಳೆದುಹೋಗುವುದಿಲ್ಲ, ಮತ್ತೆ ಉಗ್ರಾಣಕ್ಕೆ ಹೋಗಿ ತರಬೇಕು, ಅಷ್ಟೆ. ಸ್ಪಾಸನ ಯೋಚನೆ ಸರಳವಾಗಿತ್ತು: ಇಂದು ಬದುಕಿ ಓಡಾಡುವವರ ಪುಟಗಳೆಲ್ಲ ಮೇಜಿನ ಮೇಲೇ ಇರಲಿ, ಹಳೆಯ ಹೆಸರುಗಳ ಪುಟಗಳನ್ನು ಮೇಜಿಗೆ ತರುವುದೇ ಬೇಡ. ಯಾರಾದರೂ ಕೇಳಿದರೆ ಉಗ್ರಾಣದಲ್ಲೇ ನಿಂತು ಓದಿ ಅಲ್ಲೇ ಬಿಟ್ಟು ಬರುವುದು. ಇದರಿಂದ ಏನು ಹಾನಿಯಾದೀತೆಂದು ಲೆಕ್ಕ ಹಾಕಿ ಸಹಿ ಹಾಕಬೇಕಾದವಳು ನೆವೆನಾ.

ಹಳೆಯ ಹೆಸರು ಎಂದರೆ ಆ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಂಬತ್ತನಾಲ್ಕು ಕಳೆದು ಎಂಬತ್ತೈದು ಹುಟ್ಟಿದ ಚಳಿಗಾಲದಲ್ಲಿ ಸರ್ಕಾರದವರು ಹಿಮ ತುಳಿದುಕೊಂಡು ಟರ್ಕಿ ಮಾತಿನ ಹಳ್ಳಿಗಳಿಗೆಲ್ಲ ಹೋಗಿ ಜನರ ಹೆಸರು ಕಿತ್ತುಕೊಂಡು ಬಲ್ಗೇರಿಯದ ಹೆಸರು ಕೊಟ್ಟಿದ್ದರು. ಗೋರಿಯಲ್ಲಿದ್ದವರನ್ನೂ ಬಿಟ್ಟಿರಲಿಲ್ಲ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಆ ಜನ ಲಕ್ಷಗಟ್ಟಲೆ ಗಡಿ ದಾಟಿ ಟರ್ಕಿಗೆ ಹೋದರು. ಈಗ ಅವರು, ಅವರ ಮಕ್ಕಳು ಬಂದು ಆ ಹೆಸರಿನವರೂ ಈ ಹೆಸರಿನವರೂ ಒಬ್ಬರೇ ಎಂದು ಬರೆಸಿಕೊಂಡು ಹೋಗುತ್ತಾರೆ. ಕಚೇರಿಯವರ ಬಾಯಲ್ಲಿ ಅದು 'ಒಬ್ಬರೇ ಪತ್ರ'. ಹಳೆಯ ಕೈಬರಹದ ಪುಸ್ತಕಗಳಿಂದ ಸಾಲಾಗಿ ಬೆರಳಚ್ಚು ಮಾಡಿದ ಹಳೆಯ ಹೆಸರುಗಳ ಕೋಷ್ಟಕಕ್ಕೆ ಸೂಚಿ ಇರಲಿಲ್ಲ. ಒಬ್ಬರನ್ನು ಹುಡುಕಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಗುಚಬೇಕು.

ನೆವೆನಾ ಮೇ ತಿಂಗಳ ಮೂರು ವಾರದ ಕೇಳಿಕೆಗಳನ್ನೆಲ್ಲ ಸರ್ವರಿನ ನಕಲಾದ ಬೇರೊಂದು ಯಂತ್ರದಲ್ಲಿ ಸ್ಪಾಸನ ಕ್ರಮದಂತೆ ಮತ್ತೊಮ್ಮೆ ಓಡಿಸಿ ನೋಡಿದ್ದಳು. ನೂರಕ್ಕೆ ತೊಂಬತ್ತೊಂಬತ್ತು ಪುಟ ಮೇಜಿನ ಮೇಲೇ ಸಿಕ್ಕಿದ್ದವು. ಹಳೆಯ ಹೆಸರು ಕೇಳಿದವರು ಬೆರಳೆಣಿಕೆಯವರು. 'ಅಪಾಯ: ಕಡಿಮೆ' ಎಂದು ವರದಿಯಲ್ಲಿ ಬರೆದೂ ಆಗಿತ್ತು. ಆ ನಕಲನ್ನು ಈಗಿನ ಕ್ರಮಕ್ಕೇ ಮರಳಿಸಿದರೆ, ಪೂರ್ತಿ ತಣ್ಣಗಾದ ಕೋಷ್ಟಕದಲ್ಲಿ ಒಂದು ಹುಡುಕಾಟಕ್ಕೆ ಎಷ್ಟು ಹೊತ್ತು ಎಂಬುದೊಂದೇ ಉಳಿದಿತ್ತು. ಕಾರಣವಿಲ್ಲದೆ ಬೇರೆಯವರ ದಾಖಲೆ ತೆರೆಯುವಂತಿಲ್ಲ ಎಂಬ ಕಾನೂನಿಗೆ ಹೆದರಿ ಅಲ್ಲಿನವರೆಲ್ಲ ಪರೀಕ್ಷೆಗೆ ಹುಸಿ ಹೆಸರುಗಳನ್ನು ಬಳಸುತ್ತಿದ್ದರು. ವಸಂತದಲ್ಲಿ ತಪಾಸಣೆಗೆ ಬಂದವರು ಅವನ್ನೂ ಅಳಿಸಿಹಾಕಿದ್ದರು. ಹಾಗಾಗಿ ನೆವೆನಾ ತನ್ನದೇ ಹತ್ತು ಅಂಕಿಯ ಹುಟ್ಟುಸಂಖ್ಯೆ ಕೊಟ್ಟಳು. ತಾನು ಆ ಕೋಷ್ಟಕದಲ್ಲಿ ಇಲ್ಲವೇ ಇಲ್ಲ, ಕೊನೆಯ ಪುಟದವರೆಗೂ ಹುಡುಕಲಿ ಎಂದುಕೊಂಡು.

ಕೆಲವರಿಗೆ ಭಗವಂತ ಸುದ್ದಿಯನ್ನು ಗುಡುಗಿನ ಹಾಗೆ ಕೇಳಿಸುತ್ತಾನೆ. ನೆವೆನಾಗೆ ಒಂದು ಸಾಲು ಮಾಡಿ ಕಳಿಸಿದ್ದ.

ಹಳೆಯ ಹೆಸರು, ನೆರ್ಮಿನ್. ಹೊಸ ಹೆಸರು, ನೆವೆನಾ. ತಂದೆ ಸಾಲಿ, ಈಗ ಸ್ಲಾವಿ. ತಾಯಿ ಶೆರಿಫೆ, ಈಗ ಸ್ತೇಫಾ. ಬದಲಾವಣೆಯ ದಿನ, ಸಾವಿರದ ಒಂಬೈನೂರ ಎಂಬತ್ತೈದು, ಜನವರಿ ನಾಲ್ಕು. ನೆವೆನಾ ಹುಟ್ಟಿದ್ದು ಅದಕ್ಕೆ ಹಿಂದಿನ ಡಿಸೆಂಬರ್ ಹನ್ನೆರಡಕ್ಕೆ. ಬೆರಳು ಮಡಚಿ ಎಣಿಸಿದಳು. ಇಪ್ಪತ್ತಮೂರು ದಿನ ಅವಳು ನೆರ್ಮಿನ್ ಆಗಿದ್ದಳು.

ತನ್ನನ್ನು ಹೆತ್ತವರು ಸ್ಲಾವಿ ಮತ್ತು ಸ್ತೇಫಾ ಎಂದು ಅವಳಿಗೆ ಗೊತ್ತಿತ್ತು. ತನಗೆ ನಾಲ್ಕೂವರೆ ವರ್ಷವಿದ್ದಾಗ ಇಬ್ಬರೂ ರಸ್ತೆ ಅಪಘಾತದಲ್ಲಿ ಹೋದರೆಂದೂ, ಮಕ್ಕಳಿಲ್ಲದ ಗೀನಾ ಎತ್ತಿಕೊಂಡು ಬಂದು ಸಾಕಿದಳೆಂದೂ ಗೊತ್ತಿತ್ತು. ಸತ್ತವರ ಶನಿವಾರ ಬಂತೆಂದರೆ ಗೀನಾ ಜೊತೆ ಚರ್ಚಿಗೆ ಹೋಗಿ ಅವರಿಬ್ಬರಿಗೂ ಮೇಣದಬತ್ತಿ ಹಚ್ಚುತ್ತಿದ್ದಳು. ಬದುಕಿರುವವರ ಬತ್ತಿಗೆ ಮೇಲಿನ ತಟ್ಟೆ, ಸತ್ತವರ ಬತ್ತಿಗೆ ಕೆಳಗಿನ ಮರಳು. ಮೂವತ್ತೈದು ವರ್ಷ ಆ ಮರಳಿಗೆ ಬಗ್ಗಿದ್ದಳು.

ಸಾಲಿನ ಕೊನೆಯಲ್ಲಿ ಷರಾ ಇತ್ತು: ತಂದೆ ತಾಯಿ ಎಂಬತ್ತೊಂಬತ್ತರ ಜೂನ್‌ನಲ್ಲಿ ಗಡಿ ದಾಟಿ ಹೋಗಿದ್ದಾರೆ. ಸತ್ತ ದಿನಾಂಕದ ಕಾಲಂ ಇಬ್ಬರಿಗೂ ಖಾಲಿ.

ತಪ್ಪಿರಬೇಕು ಎಂದು ಅವಳು ಮತ್ತೊಮ್ಮೆ ಒತ್ತಿದಳು. ಈ ಸಲ ಆರು ಸೆಕೆಂಡು. ಪುಟಗಳು ಆಗಲೇ ಮೇಜಿಗೆ ಬಂದಿದ್ದವು. ಅದೇ ಸಾಲು ಅಲ್ಲಾಡದೆ ಕೂತಿತ್ತು.

ಆದರೂ ಅಭ್ಯಾಸಬಲದ ಒಂದು ಮೂಲೆ ಅವಳೊಳಗೆ ಕೆಲಸ ಮಾಡುತ್ತಲೇ ಇತ್ತು. ನಲವತ್ತೊಂದು, ಆರು. ಕೆಳಗಿನ ಕೌಂಟರಿನ ಪ್ರೋಗ್ರಾಂ ಎಷ್ಟು ಹೊತ್ತು ಕಾಯುತ್ತದೆ? ಮೂವತ್ತು ಸೆಕೆಂಡು ಎಂದು ಎಲ್ಲೋ ಓದಿದ ನೆನಪು. ಮೂವತ್ತಾದ ಮೇಲೆ ಅದು ಏನು ಹೇಳುತ್ತದೆ? ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವಳು ಕೌಂಟರಿನ ಆ ಬದಿಗೆ ಹೋಗಿ ನಿಂತಿರಲಿಲ್ಲ.

ಕೆಳಗಿನ ಸಭಾಂಗಣ ಜನರ ಉಸಿರಿಗೆ ಕಾದಿತ್ತು. ಒಬ್ಬರೇ ಪತ್ರದ ಕಿಟಕಿಯಲ್ಲಿ ದಾಫಿನಾ ಕೂತಿದ್ದಳು. ಇನ್ನೆರಡು ವರ್ಷಕ್ಕೆ ನಿವೃತ್ತಿ; ಬಾಯಿ ಜೋರು, ಮನಸ್ಸು ಮೆತ್ತಗೆ.

"ಏನೇ ನೆವೆನಾ, ಮೇಲಿನ ಲೋಕದೋರು ಕೆಳಗಿಳಿದು ಬಂದ್ರಲ್ಲ! ಯಂತ್ರ ಸತ್ತೋಯ್ತಾ?"

"ಸುಮ್ನೆ ನೋಡ್ತೀನಿ ದಾಫಿನಕ್ಕ. ನೀವು ನಿಮ್ಮ ಕೆಲಸ ಮಾಡಿ."

ಕಿಟಕಿಯಾಚೆ ಎಪ್ಪತ್ತು ದಾಟಿದ, ಬಟ್ಟೆಯ ಟೋಪಿಯ ಮನುಷ್ಯನೊಬ್ಬ ನಿಂತಿದ್ದ. ದಾಫಿನಾ ಅವನ ಹಳೆಯ ಹೆಸರನ್ನು ಬೆರಳಚ್ಚು ಮಾಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಚಕ್ರ ತಿರುಗಿತು. ನೆವೆನಾ ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಸರಿಯಾಗಿ ಮೂವತ್ತಕ್ಕೆ ಚಕ್ರ ನಿಂತಿತು. ದಪ್ಪ ಅಕ್ಷರದಲ್ಲಿ ಬಂತು: ದಾಖಲೆ ಇಲ್ಲ.

"ಇಲ್ಲ ತಾತ," ಎಂದಳು ದಾಫಿನಾ.

"ಇಲ್ಲ ಅಂದ್ರೆ? ಹೋದ ವರ್ಷಾನೂ ಇಲ್ಲ ಅಂದ್ಯಲ್ಲ. ನಾನಿಲ್ಲಿ ನಿನ್ನ ಮುಂದೆ ನಿಂತಿದೀನಲ್ಲಮ್ಮಾ!"

"ನೀವಿದೀರಿ ತಾತ, ನಿಮ್ಮ ದಾಖಲೆ ಇಲ್ಲ. ಮುಂದಿನವರು ಬನ್ನಿ."

"ದಾಫಿನಕ್ಕ," ನೆವೆನಾಳ ದನಿ ಅವಳಿಗೇ ಗುರುತು ಸಿಗಲಿಲ್ಲ, "ಇನ್ನೊಂದ್ಸಲ ಒತ್ತಿ."

"ಒಂದು ಚೀಟಿಗೆ ಒಂದೇ ಪ್ರಶ್ನೆ, ನಿಯಮ ಗೊತ್ತಿಲ್ವಾ? ಇನ್ನೊಮ್ಮೆ ಕೇಳ್ಬೇಕಂದ್ರೆ ಇನ್ನೊಂದು ಚೀಟಿ ತಗೊಂಡು ಸಾಲಿಗೆ ಬರ್ಬೇಕು. ಹೊರಗೆ ನೋಡು, ಜನ ನನ್ನ ಸೀಳಿಹಾಕ್ತಾರೆ."

"ಒತ್ತಿ ಅಂದೆ."

ದಾಫಿನಾ ಗೊಣಗುತ್ತಾ ಒತ್ತಿದಳು. ಚಕ್ರ ತಿರುಗಿತು. ಮೂವತ್ತು ಸೆಕೆಂಡಿನಲ್ಲಿ ಮುಕ್ಕಾಲು ಪಾಲು ಪುಟಗಳು ಮೇಜಿಗೆ ಬಂದುಬಿಟ್ಟಿದ್ದವು. ಉಳಿದ ಕಾಲು ಪಾಲಿಗೆ ಹದಿನಾಲ್ಕು ಸೆಕೆಂಡು ಸಾಕಾಯಿತು. ಟೋಪಿಯ ಮನುಷ್ಯನ ಹೆಸರು, ಅವನ ಅಪ್ಪನ ಹೆಸರು, ಹಳ್ಳಿ, ಹುಟ್ಟಿದ ದಿನ, ಎಲ್ಲ ಒಂದರ ಕೆಳಗೊಂದು ಬಂದು ನಿಂತವು.

ದಾಫಿನಾ ಕನ್ನಡಕ ಏರಿಸಿಕೊಂಡು ಪರದೆ ನೋಡಿದಳು, ಮುದುಕನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಸಿಕ್ಕಿದ್ನಾ ನಾನು?" ಎಂದ ಅವನು. "ಈಗೆಲ್ಲಿಂದ ಬಂದೆ?"

ಸಾಲಿನಲ್ಲಿದ್ದವರು ನಕ್ಕರು. ದಾಫಿನಾ ನಗಲಿಲ್ಲ. ಪತ್ರಕ್ಕೆ ಮುದ್ರೆ ಒತ್ತುವಾಗ ಅವಳ ಕೈ ಓರೆಯಾಗಿ ಮುದ್ರೆ ಅರ್ಧ ಮೇಜಿಗೆ ಬಿತ್ತು. ಆಮೇಲೆ ಕಿಟಕಿಗೆ 'ಹತ್ತು ನಿಮಿಷ' ಎಂಬ ಹಲಗೆ ಇಟ್ಟು, ನೆವೆನಾಳ ತೋಳು ಹಿಡಿದು ಹಿಂದಿನ ಕಪಾಟುಗಳ ಓಣಿಗೆ ಎಳೆದೊಯ್ದಳು.

"ಏನಿದು? ನಿಜ ಹೇಳು. ಅದು ಇಲ್ಲ ಅಂತ ತೋರಿಸಿದ್ರೆ ಇಲ್ಲ ಅಂತಲ್ವಾ?"

"ಹುಡುಕಿ ಮುಗಿದಿಲ್ಲ ಅಂತ, ಅಕ್ಕ. ಮೂವತ್ತು ಸೆಕೆಂಡಿಗೆ ಕೈಬಿಡುತ್ತೆ. ಕೈಬಿಟ್ಟಾಗ ಏನು ಹೇಳ್ಬೇಕು ಅಂತ ಬರೆದೋರು ಯೋಚಿಸಿಲ್ಲ. ಎರಡಕ್ಕೂ ಒಂದೇ ಮಾತು ಇಟ್ಟಿದಾರೆ."

"ದೇವರೇ! ಎಷ್ಟು ಜನಕ್ಕೆ ಇಲ್ಲ ಅಂದಿದೀನಿ ನಾನು! ಈ ಬಾಯಲ್ಲಿ! ಮುಂಚೆ ಹೀಗಿರ್ಲಿಲ್ಲ ಕಣೆ. ಮುಂಚೆ ಸಿಕ್ಕೋರು. ಒಂದಾರೇಳು ವರ್ಷದಿಂದ ಯಾಕೋ ಸಿಗೋದೇ ಕಮ್ಮಿ ಆಯ್ತು. ಪುಸ್ತಕ ಸರಿಯಾಗಿ ಬೆರಳಚ್ಚು ಮಾಡಿಲ್ಲ ಅಂದ್ಕೊಂಡೆ."

ಏಳು ವರ್ಷ. ಉಳಿದ ಹುಡುಕಾಟ ಚುರುಕಾಗಲೆಂದು ಆಗ ಆ ಕೋಷ್ಟಕವನ್ನು ಮೇಜಿನ ಅಂಚಿಗೆ ಸರಿಸುವ ಆಜ್ಞೆ ಬರೆದವಳು ನೆವೆನಾಳೇ. ಅಂದು ಸ್ಪಾಸ್ ಅವಳ ಬೆನ್ನು ತಟ್ಟಿ ಎಲ್ಲರಿಗೂ ಕಾಫಿ ಕೊಡಿಸಿದ್ದ.

"ಮೇ ತಿಂಗಳಲ್ಲಿ ಕೇಳಿದೋರು ಹನ್ನೊಂದೇ ಜನ ಅಂತಿತ್ತು," ಎಂದಳು ಅವಳು ತನಗೇ ಹೇಳಿಕೊಳ್ಳುವಂತೆ.

"ಮೇನಲ್ಲಿ ಯಾರೇ ಬರ್ತಾರೆ? ಬರೋರೆಲ್ಲ ಗಡಿಯಾಚೆ ಇರೋರು. ಕಾರ್ಖಾನೆಗೆ ರಜೆ ಸಿಗೋದು ಜುಲೈಗೆ. ನನ್ನ ಕೇಳಿದ್ರೆ ಹೇಳ್ತಿದ್ದೆ."

ನೆವೆನಾ ಮೇಲೆ ಹೋಗಿ ಅರ್ಧಕ್ಕೆ ಕೈಬಿಟ್ಟ ಹುಡುಕಾಟಗಳ ಪಟ್ಟಿ ತೆಗೆದಳು. ಸರ್ವರ್ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು; ಯಾರೂ ಓದಿರಲಿಲ್ಲ. ಏಳು ವರ್ಷದಲ್ಲಿ ಆರುನೂರ ಮೂವತ್ತೆಂಟು. ಅವಳು ಹುಡುಕಬಾರದೆಂದುಕೊಳ್ಳುತ್ತಲೇ ಒಂದು ಹೆಸರು ಒತ್ತಿದಳು. ನೆರ್ಮಿನ್, ಸಾಲಿಯ ಮಗಳು. ಐದು ಸಲ. ಐದೂ ಜುಲೈ ತಿಂಗಳಲ್ಲಿ, ಒಂದೊಂದು ವರ್ಷಕ್ಕೆ ಒಂದರಂತೆ. ಪ್ರತಿಯೊಂದರ ಪಕ್ಕದಲ್ಲೂ ಅರ್ಜಿಯ ಸಂಖ್ಯೆ. ಕೊನೆಯದು ಹೋದ ವರ್ಷದ್ದು.

ಆ ಸಂಖ್ಯೆ ಬರೆದುಕೊಂಡು ಮತ್ತೆ ಕೆಳಗಿಳಿದಳು. ದಾಫಿನಾ ಕಪಾಟಿನಿಂದ ಫೈಲು ಎಳೆದು, ಎಂಜಲು ಹಚ್ಚಿ ಹಾಳೆ ತಿರುವಿ, "ಓ, ಈ ಅಜ್ಜಿಯಾ?" ಎಂದಳು.

"ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು? ಗಡಿಯಾಚೆ ಬುರ್ಸಾದಿಂದ ಬರ್ತಾಳೆ. ಬಿಳಿ ತಲೆಬಟ್ಟೆ, ಮಂಡಿ ನೋವು. ಮಗಳು ಈಗ ಯಾರ ಮನೆ ಹೆಸರಲ್ಲಿ, ಎಲ್ಲಿದಾಳೆ ಅಂತ ಕೇಳ್ತಾಳೆ. ಮೊದಲು ಆಸ್ಪತ್ರೆ, ಅನಾಥಾಶ್ರಮ ಎಲ್ಲ ಸುತ್ತಿದಾಳಂತೆ. ನಾನು ಇಲ್ಲ ಅಂದ್ರೂ ಜಗಳ ಆಡಲ್ಲ. ತಲೆ ಆಡಿಸ್ತಾಳೆ, 'ಬರುವ ವರ್ಷ ನೋಡ್ತೀನಿ ಮಗಳೇ' ಅಂತಾಳೆ. ಬರುವಾಗೆಲ್ಲ ನನಗೆ ಸಕ್ಕರೆ ಪಾಕದ ಚೆಸ್ಟ್‌ನಟ್ ಡಬ್ಬಿ ತರ್ತಾಳೆ. ಸಕ್ಕರೆ ಕಾಯಿಲೆ ನನಗೆ, ತಿನ್ನೋಹಾಗಿಲ್ಲ. ಮೇಲೆ ನಿಮಗೇ ಕಳಿಸ್ತಿದ್ದೆನಲ್ಲ, ಬಂಗಾರದ ಕಾಗದದ್ದು?"

ಬಂಗಾರದ ಕಾಗದ ಬಿಚ್ಚಿ ಪಾಕ ಮೆತ್ತಿದ ಬೆರಳನ್ನು ನೆಕ್ಕಿಕೊಂಡದ್ದು ನೆವೆನಾಗೆ ನೆನಪಿತ್ತು. ಇನ್ನೊಂದಿದೆಯಾ ಎಂದು ಕೇಳಿದ್ದೂ ನೆನಪಿತ್ತು.

"ಈ ವರ್ಷ ಬಂದಿಲ್ಲ ಪಾಪ," ಎಂದಳು ದಾಫಿನಾ. "ಯಾಕೆ? ಆ ನೆರ್ಮಿನ್ ಸಿಕ್ಕಿದ್ಲಾ? ಯಾರಂತೆ?"

ನೆವೆನಾ ಅರ್ಜಿಯ ಕೆಳಗೆ ಬರೆದಿದ್ದ ಫೋನ್ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು. ಅಂಕಿಗಳು ದುಂಡಗೆ, ಶಾಲೆಯ ಮಕ್ಕಳು ಬರೆದ ಹಾಗಿದ್ದವು. ದಾಫಿನಾ ಅವಳ ಮುಖವನ್ನೊಮ್ಮೆ, ಅಂಗೈಯನ್ನೊಮ್ಮೆ ನೋಡಿದಳು. ಆ ಬಾಯಿಜೋರಿನ ಹೆಂಗಸು ಮತ್ತೇನೂ ಕೇಳದೆ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಳು.

ಮೇಲೆ ಸ್ಪಾಸ್ ಅವಳ ಕುರ್ಚಿಯಲ್ಲೇ ಕೂತು ವರದಿ ಓದುತ್ತಿದ್ದ. "ಎಲ್ಲ ಚೆನ್ನಾಗಿದೆ. ಸಹಿ ಒಂದೇ ಬಾಕಿ."

"ಇದು ನಡೆಯಲ್ಲ ಸ್ಪಾಸಣ್ಣ."

ಅವಳು ನಿಂತುಕೊಂಡೇ ಹೇಳಿದಳು. ಮೂವತ್ತು ಸೆಕೆಂಡು, ನಲವತ್ತೊಂದು ಸೆಕೆಂಡು, ಟೋಪಿಯ ಮುದುಕ, ಆರುನೂರ ಮೂವತ್ತೆಂಟು. ಸ್ಪಾಸ್ ಕೇಳುತ್ತಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

"ನೋಡಮ್ಮಾ, ಅದು ಏಳು ವರ್ಷಕ್ಕೆ ಆರುನೂರು. ಕಿಟಕಿಯಿಂದ ಬಗ್ಗಿ ನೋಡು, ಇವತ್ತೊಂದೇ ದಿನ ನಾನೂರು ಜನ ಬಿಸಿಲಲ್ಲಿ ನಿಂತಿದಾರೆ. ಬಸುರಿಯರಿದಾರೆ. ಕಾಯೋ ಮಿತೀನ ಅರವತ್ತಕ್ಕೆ ಏರಿಸಿದ್ರೆ ಒಂದೊಂದು ಹಳೇ ಹೆಸರಿಗೂ ಕಿಟಕಿ ಒಂದು ನಿಮಿಷ ಕಟ್ಟಿಹಾಕ್ಕೊಂಡು ಕೂತಿರುತ್ತೆ. ಎಲ್ಲ ಬದಲಾವಣೆಯಲ್ಲೂ ಯಾರೋ ಒಬ್ಬರು ಸ್ವಲ್ಪ ನಿಧಾನ ಆಗೇ ಆಗ್ತಾರೆ."

"ನಿಧಾನ ಆಗೋದಲ್ಲ. ಇರೋರನ್ನ ಇಲ್ಲ ಅಂತಿದೀವಿ. ಅವರು ನಂಬ್ಕೊಂಡು ವಾಪಸ್ ಹೋಗ್ತಿದಾರೆ."

"ಇಷ್ಟು ವರ್ಷ ಕಾಣದ್ದು ಇವತ್ತು ನಿನಗೆ ಹೆಂಗೆ ಕಾಣ್ತು?"

"ಪರೀಕ್ಷೆಗೆ ಅಂತ ನನ್ನ ಸಂಖ್ಯೆ ಹಾಕಿದೆ."

ಸ್ಪಾಸ್ ಸಹಜವಾಗಿ ತಲೆಯಾಡಿಸಿದ. ಆಮೇಲೆ ಅವನ ಕೈಯ ಪೆನ್ನು ನಿಂತಿತು. ಅವಳ ಸಂಖ್ಯೆ, ಹಳೆಯ ಹೆಸರುಗಳ ಕೋಷ್ಟಕ, ಎರಡೂ ಅವನೊಳಗೆ ಒಂದಕ್ಕೊಂದು ತಗುಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಕುರ್ಚಿಯನ್ನು ಅವಳ ಕಡೆ ತಿರುಗಿಸಿ, "ಕೂತ್ಕೋ," ಎಂದ. "ಕೂತ್ಕೊಳೇ ತಾಯಿ."

ಅವಳು ಕೂತು 'ಕಡಿಮೆ' ಎಂಬ ಪದ ಅಳಿಸಿದಳು. 'ಉತ್ತರ ತಡವಾದರೆ ಬದುಕಿರುವ ಮನುಷ್ಯರನ್ನು ಈ ಕಚೇರಿ ಇಲ್ಲ ಎನ್ನುತ್ತದೆ. ಕೌಂಟರಿನ ಮಾತು ತಿದ್ದಿ, ಕೋಷ್ಟಕಕ್ಕೆ ಸೂಚಿ ಕಟ್ಟುವವರೆಗೆ ಈ ಬದಲಾವಣೆ ಮಾಡಕೂಡದು. ಆರುನೂರ ಮೂವತ್ತೆಂಟು ಅರ್ಜಿಗಳನ್ನು ಮತ್ತೆ ಹುಡುಕಬೇಕು' ಎಂದು ಬರೆದಳು. ಸಹಿ ಹಾಕುವಾಗ ಮಾತ್ರ ಕೈ ತಡೆಯಿತು. ಯಾವ ಹೆಸರು ಎಂದು ಒಂದು ಗಳಿಗೆ ಅವಳಿಗೆ ನಿಜಕ್ಕೂ ತೋಚಲಿಲ್ಲ.

ನಾಳೆ ಬರುವವರಿಗೆ ಬರಬೇಡಿ ಎನ್ನಲು ಸ್ಪಾಸ್ ಹೊರಗೆ ಹೋಗಿ ಫೋನ್ ಮಾಡುತ್ತಿದ್ದ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಮನೆಗೆ ನಡೆದಳು. ಗೀನಾ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು, ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ಹುಳಿ ಚೆರ್ರಿಯ ಬೀಜ ಬಿಡಿಸುತ್ತಿದ್ದಳು. ತಲೆಗೂದಲ ಪಿನ್ನನ್ನು ಹಣ್ಣಿಗೆ ಚುಚ್ಚಿ ಎಳೆದರೆ ಬೀಜ ಬರುತ್ತಿತ್ತು. ಮೊಣಕೈವರೆಗೆ ಕೆಂಪಾಗಿತ್ತು.

"ಇವತ್ತೇನಮ್ಮಾ ಇಷ್ಟು ಬೇಗ? ಮುಖ ಯಾಕೆ ಸುಣ್ಣ ಬಳಿದ ಹಂಗಿದೆ? ಮೊಸರಿನ ತಾರಾತೋರ್ ಸೂಪು ತಣ್ಣಗೆ ಇಟ್ಟಿದೀನಿ, ಕುಡಿ."

"ಅಮ್ಮಾ, ನೆರ್ಮಿನ್ ಅಂದ್ರೆ ಯಾರು?"

ಪಿನ್ನು ಹಣ್ಣಿನೊಳಗೇ ಉಳಿಯಿತು. ಗೀನಾ ತಲೆ ಎತ್ತಲಿಲ್ಲ. ಹನ್ನೆರಡು ವರ್ಷದ ಹಿಂದೆ ಈ ಊರಿನ ಕೆಲಸ ಸಿಕ್ಕಿತೆಂದು ನೆವೆನಾ ಕುಣಿಯುತ್ತಾ ಬಂದಾಗ, 'ಬೇರೆ ಎಲ್ಲಿಗಾದ್ರೂ ಹೋಗು, ಆ ಜಿಲ್ಲೆ ಮಾತ್ರ ಬೇಡ' ಎಂದು ಅವಳು ಮೂರು ದಿನ ಊಟ ಬಿಟ್ಟು ಮಲಗಿದ್ದಳು. ಯಾಕೆಂದು ಹೇಳಿರಲಿಲ್ಲ; ಕೊನೆಗೆ ಮಗಳ ಜೊತೆಗೇ ಬಂದಿದ್ದಳು.

"ಕೆಂಜ್ವರ ಬಂದಿತ್ತು ನಿನಗೆ," ಎಂದಳು ಕೊನೆಗೆ, ಬೋಗುಣಿಗೆ ಹೇಳುವವಳ ಹಾಗೆ. "ನಾನು ಅಂಟುರೋಗದ ವಾರ್ಡಿನಲ್ಲಿ ಆಯಾ. ನಿನ್ನ ಹೆತ್ತಪ್ಪ ಹೆಸರು ವಾಪಸ್ ಕೊಡಿ ಅಂತ ಉಪವಾಸ ಕೂತಿದ್ದೋರಲ್ಲಿ ಒಬ್ಬ. ಪಾಸ್‌ಪೋರ್ಟ್ ಕೈಗೆ ಕೊಟ್ಟು ಆರು ಗಂಟೆಯೊಳಗೆ ದೇಶ ಬಿಡಿ ಅಂದ್ರು. ವಾರ್ಡಿನಿಂದ ಮಗು ಕೊಡಲ್ಲ ಅಂದ್ರು ಡಾಕ್ಟರು. ನಿನ್ನ ಹೆತ್ತಮ್ಮ ಗಾಜಿನ ಆಚೆ ನಿಂತ್ಕೊಂಡು, ಒಳಗೆ ಬಿಡ್ಲಿಲ್ಲ... 'ಅಕ್ಕಾ, ಹತ್ತು ದಿನ ನೋಡ್ಕೊಳ್ಳಿ' ಅಂದ್ಲು. ಗಾಜಿಗೆ ಎರಡೂ ಕೈ ಇಟ್ಟಿದ್ಲು. ಆ ಕೈಗುರುತು ಒರೆಸೋಕೆ ನನಗೆ ಮನಸ್ಸು ಬರ್ಲಿಲ್ಲ, ವಾರ ಹಂಗೇ ಬಿಟ್ಟಿದ್ದೆ."

"ಹತ್ತು ದಿನ ಆದ್ಮೇಲೆ?"

"ಆಕೆನ್ನ ವಾಪಸ್ ಬಿಡ್ಲಿಲ್ಲ, ಆಗಸ್ಟಿಗೆ ಗಡೀನೇ ಮುಚ್ಚಿದ್ರು. ಆಕೆಯ ಕಾಗದ ಬಂತು. ಮೂರು ಬಂತು." ಗೀನಾ ಹಣ್ಣಿನಿಂದ ಪಿನ್ನು ಎಳೆದಳು. "ನನ್ನ ಹೊಟ್ಟೇಲಿ ಎರಡು ಹೋಗಿದ್ವಮ್ಮಾ. ನೀನು ಮೊದಲು ಮೂರು ತಿಂಗಳು ಬರೀ 'ಅನ್ನೆ, ಅನ್ನೆ' ಅಂತ ಬಾಗಿಲು ನೋಡ್ತಿದ್ದೆ. ಅವರ ಭಾಷೇಲಿ ಅಮ್ಮ ಅಂತ. ಒಂದಿನ ನನ್ನ ನೋಡ್ಕೊಂಡು ಅಂದೆ. ಅಷ್ಟೇ, ನಾನು ಕೆಟ್ಟೋದೆ. ಪ್ಲೊವ್ದಿವ್ ಪಟ್ಟಣಕ್ಕೆ ವರ್ಗ ಆಯ್ತಲ್ಲ ನಮ್ಮನೆಯವರಿಗೆ, ವಿಳಾಸ ಯಾರಿಗೂ ಕೊಡದೆ ಎದ್ದು ಹೋದ್ವಿ. ಸತ್ತೋದ್ರು ಅಂತ ನಿನಗೆ ಹೇಳೋಕೆ ಮುಂಚೆ ನನಗೆ ನಾನೇ ಹೇಳ್ಕೊಂಡೆ. ಹೇಳ್ಕೊಂಡು ಹೇಳ್ಕೊಂಡು ನಂಬ್ಕೊಂಡೆ."

"ನಂಬ್ಕೊಂಡೇ ಮೇಣದಬತ್ತಿ ಹಚ್ಚಿಸಿದ್ಯಾ?"

ಗೀನಾ ಕೆಂಪು ಕೈಗಳಿಂದಲೇ ಮುಖ ಮುಚ್ಚಿಕೊಂಡಳು. "ಕೂಗಾಡೇ. ಹೊಡಿ. ಹಂಗೆ ನಿಂತ್ಕೋಬೇಡ."

ನೆವೆನಾಗೆ ಕೂಗಬೇಕೆನಿಸಿತು. ಎದುರಿಗೆ ಬಗ್ಗಿದ ಆ ನರೆತ ತಲೆ ಮೂವತ್ತೈದು ವರ್ಷ ಸುಳ್ಳು ಹೇಳಿತ್ತು. ಅದೇ ತಲೆ ಅವಳ ಪ್ರತಿ ಜ್ವರಕ್ಕೂ ಹಾಸಿಗೆಯ ಅಂಚಿನಲ್ಲಿ ತೂಕಡಿಸಿತ್ತು.

"ಐದು ವರ್ಷದಿಂದ ಅವಳು ನನ್ನ ಕೇಳ್ಕೊಂಡು ಬರ್ತಿದಾಳೆ," ಎಂದಳು. "ನಾನು ಕೂತಿರೋ ಕಟ್ಟಡಕ್ಕೇ. ನನ್ನ ಕಾಲ ಕೆಳಗಿನ ಅಂತಸ್ತಿಗೆ. ನಾನೇ ಮಾಡಿಟ್ಟ ಯಂತ್ರ ಇಲ್ಲ ಅಂತ ಹೇಳಿ ಕಳಿಸಿದೆ ಅಮ್ಮಾ. ಅವಳಿಗೆ ಇಲ್ಲ ಅಂದವಳು ನೀನೊಬ್ಬಳೇ ಅಲ್ಲ."

ಅವಳು ಅಂಗೈ ಬಿಡಿಸಿದಳು. ಬೆವರಿಗೆ ಕೊನೆಯ ಅಂಕಿ ಹರಡಿತ್ತು, ಆದರೂ ಓದಬಹುದಿತ್ತು. ಗೀನಾ ಅದನ್ನು ನೋಡಿ ಏನೆಂದು ಅರ್ಥಮಾಡಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋಗಲು ಹೊರಟಳು.

"ಇಲ್ಲೇ ಇರು," ಎಂದಳು ನೆವೆನಾ.

ಗೀನಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಫೋನು ಬಹಳ ಹೊತ್ತು ಹೊಡೆದುಕೊಂಡಿತು. ನೆವೆನಾ ಎಣಿಸುತ್ತಿದ್ದಳು, ಬೇಡವೆಂದರೂ ಎಣಿಕೆ ನಡೆಯುತ್ತಿತ್ತು. ಆಮೇಲೆ ಅತ್ತ ಯಾರೋ ಎತ್ತಿಕೊಂಡರು. ಹಿಂದಿನಿಂದ ನೀರು ಬೀಳುವ ಸದ್ದು, ಪಾತ್ರೆಗಳ ಸದ್ದು. ಮುದಿದನಿಯೊಂದು ಟರ್ಕಿ ಮಾತಿನಲ್ಲಿ ಏನೋ ಕೇಳಿತು.

"ನಾನು ದಾಖಲೆ ಕಚೇರಿಯಿಂದ," ಎಂದಳು ನೆವೆನಾ ತನ್ನ ಭಾಷೆಯಲ್ಲಿ. ಬೇರೆ ಯಾವ ಭಾಷೆಯೂ ಅವಳಿಗೆ ಬರುತ್ತಿರಲಿಲ್ಲ.

"ಓ, ಕಚೇರೀನಾ?" ಮುದುಕಿ ಕೂಡಲೇ ಬಲ್ಗೇರಿಯದ ಮಾತಿಗೆ ಹೊರಳಿದಳು. ಈಗ ಯಾರೂ ಆಡದ, ಗುಡ್ಡದ ಹಳ್ಳಿಯ ಹಳೆಯ ಎಳೆತ ಅದರಲ್ಲಿತ್ತು. "ದೇವರು ಒಳ್ಳೇದು ಮಾಡ್ಲಿ ಮಗಳೇ. ಈ ವರ್ಷ ನಾನು ಬಂದಿಲ್ವಲ್ಲ, ಅರ್ಜೀನೂ ಹಾಕಿಲ್ಲ. ಮಂಡಿ ಕೈಕೊಡ್ತು, ಬಸ್ಸಲ್ಲಿ ಕೂರಕ್ಕಾಗಲ್ಲ. ಕಿಟಕೀಲಿರೋ ಆ ದಪ್ಪನಮ್ಮ ಚೆನ್ನಾಗಿದಾಳಾ? ಇಲ್ಲ ಅಂತ ಹೇಳೋಕೆ ಇಷ್ಟು ದೂರ ಫೋನ್ ಮಾಡಿದ್ರಾ? ಪರವಾಗಿಲ್ಲ. ಗೊತ್ತು ನನಗೆ."

"ಇಲ್ಲ ಅಂತಲ್ಲ." ನೆವೆನಾ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. "ದಾಖಲೆ ಇದೆ."

ಅತ್ತ ಪಾತ್ರೆಗಳ ಸದ್ದು ನಿಂತಿತು.

"ಇದೆ," ಎಂದಳು ಮತ್ತೆ. "ನೆರ್ಮಿನ್ ಇದಾಳೆ. ನಾನು... ನಾನೇ ಮಾತಾಡ್ತಿರೋದು."

ಫೋನು ಕಡಿದುಹೋಗಿರಲಿಲ್ಲ, ನೀರು ಬೀಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ನಲ್ಲಿಯ ಕೆಳಗೆ ಇಟ್ಟಿದ್ದ ಪಾತ್ರೆ ತುಂಬುತ್ತಾ ಬಂದಂತೆ ಅದರ ದನಿ ಸಣ್ಣಗಾಗುತ್ತಾ ಏರುತ್ತಾ ಹೋಯಿತು. ಆಮೇಲೆ ತುಂಬಿ ನೆಲದ ಮೇಲೆ ಹರಿಯತೊಡಗಿತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.